ಬೆಳಕಿಗೂ ಸದ್ದಿಗೂ ನಡುವೆ: ಅಣುಪರೀಕ್ಷೆಯ ಎಂಟು ಚಿತ್ರಗಳು

1953ರ ಮಾರ್ಚ್ 17ರ ನಸುಕಿನಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ‘ಆ್ಯನಿ’ ಎಂದು ಹೆಸರಿಟ್ಟಿದ್ದ 16 ಕಿಲೋಟನ್ (ಅಂದರೆ ಹದಿನಾರು ಸಾವಿರ ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮನಾದ) ಶಕ್ತಿಯ ಅಣುಬಾಂಬನ್ನು ಸಿಡಿಸಿದಾಗ ಚಿತ್ರೀಕರಿಸಿದ ಒಂದು ತುಣುಕು ಯೂಟ್ಯೂಬಿನಲ್ಲಿ ಸಿಗುತ್ತದೆ. ಸುಮಾರು ಹನ್ನೊಂದು ಕಿಲೋಮೀಟರ್ ದೂರದ ದಿಬ್ಬದ ಮೇಲೆ ಪತ್ರಕರ್ತರು ನೆರೆದಿದ್ದಾರೆ, ಕತ್ತಲಲ್ಲಿ ಅವರ ಗುಸುಗುಸು ಕೇಳಿಸುತ್ತದೆ. ಒಮ್ಮೆಲೇ ಪರದೆ ಪೂರ್ತಿ ಬೆಳ್ಳಗಾಗುತ್ತದೆ, ಆದರೆ ಸದ್ದಿಲ್ಲ. ಬೆಂಕಿಯುಂಡೆ ಮೇಲೇಳುತ್ತದೆ, ಬಣ್ಣಗೆಡುತ್ತದೆ, ನಮಗೆಲ್ಲ ಪರಿಚಿತವಾದ ಅಣಬೆಯ ಆಕಾರ ತಾಳುತ್ತದೆ, ಆಗಲೂ ಸದ್ದಿಲ್ಲ. ಮುಂಗಾರಿನಲ್ಲಿ ಮಿಂಚು ಕಂಡೊಡನೆ ಗುಡುಗು ಬರುವವರೆಗೆ ಒಂದು, ಎರಡು ಎಂದು ಎಣಿಸುತ್ತ ಜಗಲಿಯಲ್ಲಿ ಕೂರುವುದು ನಮ್ಮೂರ ಮಕ್ಕಳೆಲ್ಲರಿಗೂ ರೂಢಿಯಾಗಿತ್ತು, ಅದೇ ರೂಢಿಯಿಂದ ಇಲ್ಲಿಯೂ ಎಣಿಸತೊಡಗಿದೆ. ಎಣಿಕೆ ಮೂವತ್ತರ ಆಸುಪಾಸಿಗೆ ಬಂದಾಗ ಬಂದೂಕು ಹಾರಿಸಿದಂಥ ಒಂದು ಒಣ ಸದ್ದು ಸೀಳಿಕೊಂಡು ಬಂತು, ಅದರ ಬೆನ್ನಿಗೇ ಬೆಟ್ಟಗಳಿಗೆ ಬಡಿದು ಮರಳುವ ಉದ್ದನೆಯ ಮೊರೆತ.

ಸಿನಿಮಾದವರು ಸಾಮಾನ್ಯವಾಗಿ ಈ ಮೂವತ್ತು ಸೆಕೆಂಡನ್ನು ಕತ್ತರಿಸಿ ಬಿಸಾಡುತ್ತಾರೆ. ಬೆಳಕು ಕಂಡ ಕ್ಷಣದಲ್ಲೇ ‘ಧಡಾರ್’ ಎಂಬ ಸದ್ದನ್ನು ಅಂಟಿಸುತ್ತಾರೆ. ಪರೀಕ್ಷೆಗಳ ಮೂಲ ಚಿತ್ರೀಕರಣದಲ್ಲಿ ಬಹುಪಾಲು ಮೂಕವಾದದ್ದರಿಂದ ನಾವು ಕೇಳುತ್ತ ಬಂದಿರುವ ಸದ್ದೆಲ್ಲ ಯಾವುದೋ ಸ್ಟುಡಿಯೊದಲ್ಲಿ ಆಮೇಲೆ ಸೇರಿಸಿದ್ದು. ಇದನ್ನು ಬರೀ ತಾಂತ್ರಿಕ ತಕರಾರಾಗಿ ನಾನು ಹೇಳುತ್ತಿಲ್ಲ. ಅಣುಪರೀಕ್ಷೆಯೆಂದರೆ ತಡವಾಗಿ ತಲುಪುವ ಸಂಗತಿಗಳ ಸರಣಿ: ಬೆಳಕು ತಕ್ಷಣ, ಸದ್ದು ಅರೆ ನಿಮಿಷದ ಮೇಲೆ, ವಿಕಿರಣದ ಬೂದಿ ಕೆಲವು ಗಂಟೆಗಳ ಮೇಲೆ, ಥೈರಾಯ್ಡ್ ಗಂಟು ಒಂಬತ್ತು ವರ್ಷದ ಮೇಲೆ, ರಕ್ತದ ಕ್ಯಾನ್ಸರ್ ಹದಿನೆಂಟು ವರ್ಷದ ಮೇಲೆ, ಪರಿಹಾರದ ಕಾನೂನು ಎಂಬತ್ತು ವರ್ಷದ ಮೇಲೆ. ಕಳೆದ ಕೆಲವು ವಾರಾಂತ್ಯಗಳಲ್ಲಿ ಈ ವಿಷಯದ ಎಂಟು ಚಿತ್ರಗಳನ್ನು, ಕೆಲವನ್ನು ಎರಡನೆಯ ಬಾರಿಗೆ, ಮನೆಯ ಹಾಲ್‌ನಲ್ಲಿ ಕೂತು ನೋಡಿದೆ. ಈ ತಡವನ್ನು ಯಾವ ಚಿತ್ರ ಎಷ್ಟರಮಟ್ಟಿಗೆ ಕಾಪಾಡಿಕೊಂಡಿದೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಎಲ್ಲಕ್ಕಿಂತ ಸುಂದರವಾಗಿರುವುದು ಪೀಟರ್ ಕುರಾನ್ 1995ರಲ್ಲಿ ಮಾಡಿದ ‘ಟ್ರಿನಿಟಿ ಆ್ಯಂಡ್ ಬಿಯಾಂಡ್’. ನನಗೆ ತೃಪ್ತಿ ಕೊಡದ ಚಿತ್ರವೂ ಅದೇ. ‘ಸ್ಟಾರ್ ವಾರ್ಸ್’ನ ದೃಶ್ಯಪರಿಣಾಮಗಳ ತಂಡದಲ್ಲಿ ದುಡಿದಿದ್ದ ಕುರಾನ್, ಮಾಸಿಹೋಗಿದ್ದ ಸರ್ಕಾರಿ ರೀಲುಗಳ ಬಣ್ಣಕ್ಕೆ ಮತ್ತೆ ಜೀವ ಕೊಟ್ಟರು. ಆ ರೀಲುಗಳಲ್ಲಿ ಬಹಳಷ್ಟು ಲಾಸ್ ಏಂಜಲಿಸ್‌ನ ಗುಡ್ಡದ ಮೇಲೆ ಅಮೆರಿಕದ ವಾಯುಪಡೆ 1947ರಿಂದ 1969ರವರೆಗೆ ಗುಟ್ಟಾಗಿ ನಡೆಸಿದ ಲುಕ್‌ಔಟ್ ಮೌಂಟನ್ ಎಂಬ ಸ್ಟುಡಿಯೊದವು. ಹಾಲಿವುಡ್ಡಿನ ಕುಶಲಕರ್ಮಿಗಳೇ ಅಲ್ಲಿ ಕೆಲಸ ಮಾಡುತ್ತಿದ್ದರಾದ್ದರಿಂದ ಚೌಕಟ್ಟು, ಬೆಳಕು, ಕ್ಯಾಮೆರಾ ಕೋನ ಯಾವುದರಲ್ಲೂ ಕುಂದಿಲ್ಲ. ಶಾಂತಸಾಗರದ ಮೇಲೆ ಹೊಮ್ಮುವ ಕಿತ್ತಳೆ, ನೇರಳೆ ಬಣ್ಣದ ಮೋಡಗಳನ್ನು ನೋಡುವಾಗ ಕಣ್ಣು ಕೀಳಲಾಗುವುದಿಲ್ಲ. ಆದರೆ ಪ್ರತಿ ಸ್ಫೋಟಕ್ಕೂ ಮಾಸ್ಕೊ ಸಿಂಫನಿ ವಾದ್ಯವೃಂದದ ಭರ್ಜರಿ ಸಂಗೀತ, ಬೆಳಕಿನ ಜೊತೆಜೊತೆಗೇ ಸದ್ದು, ಮೇಲಿಂದ ವಿಲಿಯಂ ಶಾಟ್ನರ್ ಅವರ ಗಂಭೀರ ಕಂಠದ ನಿರೂಪಣೆ. ತೊಂಬತ್ತು ನಿಮಿಷಗಳಲ್ಲಿ ಒಂದಾದ ಮೇಲೊಂದು ಬಾಂಬು ಸಿಡಿಯುತ್ತ ಹೋಗಿ, ಕೊನೆಕೊನೆಗೆ ದೀಪಾವಳಿಯ ರಾತ್ರಿ ಎದುರುಮನೆಯವರ ಪಟಾಕಿ ನೋಡುವವನ ಸ್ಥಿತಿ ನನ್ನದಾಗಿತ್ತು. ಇನ್ನೂ ದೊಡ್ಡದು ಯಾವಾಗ ಎಂದು ಕಾಯುತ್ತಿದ್ದೇನೆಂಬುದು ಅರಿವಿಗೆ ಬಂದಾಗ ನಾಚಿಕೆಯಾಯಿತು. ಬಾಂಬುಗಳ ತಾಂತ್ರಿಕ ವಿಕಾಸವನ್ನು ತಿಳಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಂಗ್ರಹ ನಾನು ಕಂಡಿಲ್ಲ. ಪರಿಣಾಮವನ್ನು ತಿಳಿಯಬಯಸುವವರಿಗೆ ಇಲ್ಲಿ ಸಿಗುವುದು ಕಡಿಮೆ.

ಇದೇ ದೃಶ್ಯಗಳನ್ನು ಯಾವ ಒಗ್ಗರಣೆಯೂ ಇಲ್ಲದೆ ನೋಡಬೇಕೆಂದರೆ ಅಮೆರಿಕದ ಅಣ್ವಸ್ತ್ರ ಸಂಶೋಧನೆಯ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ 2017ರಿಂದ ಯೂಟ್ಯೂಬಿಗೆ ಏರಿಸಿರುವ ತುಣುಕುಗಳಿವೆ. 1945ರಿಂದ 1962ರವರೆಗೆ ಅಮೆರಿಕ ಬಯಲಿನಲ್ಲಿ ನಡೆಸಿದ 210 ಪರೀಕ್ಷೆಗಳ ಸುಮಾರು ಹತ್ತು ಸಾವಿರ ರೀಲುಗಳು ಉಗ್ರಾಣಗಳಲ್ಲಿ ಕೊಳೆಯುತ್ತ ಬಿದ್ದಿದ್ದವು. ಡಬ್ಬಿ ತೆರೆದರೆ ವಿನಿಗರ್ ವಾಸನೆ ಬರುತ್ತಿತ್ತಂತೆ, ಫಿಲ್ಮು ಕರಗಲು ತೊಡಗಿದೆ ಎಂಬುದಕ್ಕೆ ಅದೇ ಗುರುತು. ಅಲ್ಲಿನ ಭೌತವಿಜ್ಞಾನಿ ಗ್ರೆಗ್ ಸ್ಪ್ರಿಗ್ಸ್ ಅವರ ತಂಡ ಅವುಗಳನ್ನು ಡಿಜಿಟಲ್ ರೂಪಕ್ಕೆ ತಂದು ಸ್ಫೋಟಗಳ ಶಕ್ತಿಯನ್ನು ಹೊಸದಾಗಿ ಅಳೆಯುತ್ತಿದೆ. ಈ ತುಣುಕುಗಳಲ್ಲಿ ಧ್ವನಿಯಿಲ್ಲ, ನಿರೂಪಣೆಯಿಲ್ಲ, ಸಂಗೀತವಿಲ್ಲ. ಮೌನದಲ್ಲಿ ನೋಡಿದಾಗ ಅವು ಚಂದವಾಗಿ ಕಾಣಿಸುವುದಿಲ್ಲ ಎಂಬುದು ನನಗೂ ಆಶ್ಚರ್ಯವೇ.

ಕ್ರಿಸ್ಟೊಫರ್ ನೋಲನ್ ಅವರ 2023ರ ‘ಓಪನ್‌ಹೈಮರ್’ ಬಗ್ಗೆ ಕನ್ನಡದಲ್ಲೂ ಸಾಕಷ್ಟು ಬರೆದಾಗಿದೆ, ಹಾಗಾಗಿ ನನ್ನ ಅಳತೆಗೋಲಿಗೆ ಸಿಗುವಷ್ಟನ್ನೇ ಹೇಳುತ್ತೇನೆ. 1945ರ ಜುಲೈ 16ರ ಬೆಳಗಿನ ಜಾವ ಐದೂವರೆಗೆ ಒಂದು ನಿಮಿಷವಿರುವಾಗ ನ್ಯೂ ಮೆಕ್ಸಿಕೊದಲ್ಲಿ ನಡೆದ ಟ್ರಿನಿಟಿ ಎಂಬ ಜಗತ್ತಿನ ಮೊದಲ ಅಣುಪರೀಕ್ಷೆಯ ದೃಶ್ಯದಲ್ಲಿ ಈ ಚಿತ್ರ ಬೆಳಕನ್ನೂ ಸದ್ದನ್ನೂ ಬೇರ್ಪಡಿಸುತ್ತದೆ. ಪರದೆಯ ತುಂಬ ಬೆಂಕಿ ಕುದಿಯುತ್ತಿರುವಾಗ ಕಿವಿಗೆ ಬೀಳುವುದು ಉಸಿರಾಟ ಮಾತ್ರ. ಸದ್ದು ಬಂದು ಅಪ್ಪಳಿಸಿದಾಗ ಚಿತ್ರಮಂದಿರದಲ್ಲಿ ನನ್ನ ಪಕ್ಕ ಕೂತಿದ್ದ ಯುವಕನ ಪಾಪ್‌ಕಾರ್ನ್ ಚೆಲ್ಲಿತು. ದೊಡ್ಡ ಬಂಡವಾಳದ ಚಿತ್ರವೊಂದು ಪ್ರೇಕ್ಷಕರ ತಾಳ್ಮೆಯನ್ನು ನಂಬಿ ಇಷ್ಟು ಹೊತ್ತು ಮೌನವನ್ನು ಹಿಡಿದಿಟ್ಟದ್ದು ಮೆಚ್ಚಬೇಕಾದ ಧೈರ್ಯ. ಹದಿನಾರು ಕಿಲೋಮೀಟರ್ ದೂರದ ಮೂಲಶಿಬಿರದಲ್ಲಿದ್ದ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಬೆಳಕು ಕಂಡು ಸುಮಾರು ನಲವತ್ತು ಸೆಕೆಂಡಿನ ಮೇಲೆ ಬಂದ ಗಾಳಿಯ ಹೊಡೆತಕ್ಕೆ ಕಾಗದದ ಚೂರುಗಳನ್ನು ಕೈಬಿಟ್ಟು, ಅವು ಎರಡೂವರೆ ಮೀಟರ್ ಸರಿದದ್ದನ್ನು ನೋಡಿ ಬಾಂಬಿನ ಶಕ್ತಿಯನ್ನು ಅಂದಾಜು ಮಾಡಿದರು. ಆ ತಡವೇ ಅವರಿಗೆ ಉಪಕರಣವಾಗಿತ್ತು.

ಬಾಂಬು ತಯಾರಿಸಿದ ವಿಜ್ಞಾನಿಗಳ ಮುಖ್ಯಸ್ಥ ಓಪನ್‌ಹೈಮರ್ ಟ್ರಿನಿಟಿಯನ್ನು ಕಂಡಾಗ ನೆನಪಾಯಿತೆಂದು ಹೇಳಿದ ಗೀತೆಯ ಸಾಲಿನ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹನ್ನೊಂದನೆಯ ಅಧ್ಯಾಯದ ‘ಕಾಲೋಽಸ್ಮಿ ಲೋಕಕ್ಷಯಕೃತ್ ಪ್ರವೃದ್ಧಃ’ ಎಂಬುದನ್ನು ಓಪನ್‌ಹೈಮರ್ ‘ನಾನು ಸಾವಾಗಿದ್ದೇನೆ’ ಎಂಬರ್ಥ ಬರುವಂತೆ ಇಂಗ್ಲಿಷಿನಲ್ಲಿ ಹೇಳಿದರು. ಅವರಿಗೆ ಸಂಸ್ಕೃತ ಕಲಿಸಿದ ಬರ್ಕ್ಲಿಯ ಆರ್ಥರ್ ರೈಡರ್ ಅವರ ಅನುವಾದವೂ ಸಾವು ಎಂದೇ ಹೇಳುತ್ತದೆ. ಕನ್ನಡಿಗರಿಗೆ ಈ ಪದ ಅನುವಾದವಿಲ್ಲದೆಯೇ ಕೈಗೆಟಕುತ್ತದೆ. ಕಾಲವೆಂದರೆ ಮೊದಲು ಹೊತ್ತು, ಆಮೇಲೆ ಯಮ. ಟ್ರಿನಿಟಿಯ ಮಟ್ಟಿಗೆ ಮೊದಲನೆಯ ಅರ್ಥವೇ ಹೆಚ್ಚು ನಿಜವೆಂದು ನನಗೆ ತೋರುತ್ತದೆ, ಏಕೆಂದರೆ ಆ ಮರುಭೂಮಿ ಖಾಲಿಯಿರಲಿಲ್ಲ. ಸುತ್ತಲಿನ ಹಟ್ಟಿ, ಹಳ್ಳಿಗಳವರಿಗೆ ಮುನ್ಸೂಚನೆ ಕೊಟ್ಟಿರಲಿಲ್ಲ. ಮದ್ದುಗುಂಡಿನ ಉಗ್ರಾಣವೊಂದು ಸಿಡಿಯಿತೆಂದು ಪತ್ರಿಕೆಗಳಿಗೆ ತಿಳಿಸಲಾಯಿತು. ಮಳೆನೀರಿನ ತೊಟ್ಟಿಗಳಿಗೆ, ಹುಲ್ಲುಗಾವಲಿಗೆ ಬೂದಿ ಬಿತ್ತು. ಮೂರು ಗಂಟೆಯ ‘ಓಪನ್‌ಹೈಮರ್’ನಲ್ಲಿ ಈ ಜನರಿಗೆ ಒಂದು ದೃಶ್ಯವೂ ಇಲ್ಲ. ಮೂವತ್ತು ಸೆಕೆಂಡಿನ ತಡವನ್ನು ಅಷ್ಟೊಂದು ಜೋಪಾನ ಮಾಡಿದ ಚಿತ್ರ ಎಂಬತ್ತು ವರ್ಷದ ತಡವನ್ನು ಕಾಣದೆ ಹೋಯಿತು. ವಿಕಿರಣಕ್ಕೆ ತುತ್ತಾದವರಿಗೆ ಪರಿಹಾರ ನೀಡುವ ಅಮೆರಿಕದ ಕಾನೂನು 1990ರಲ್ಲಿ ಬಂದರೂ ಟ್ರಿನಿಟಿಯ ನೆರೆಯವರನ್ನು ಅದರ ವ್ಯಾಪ್ತಿಗೆ ಸೇರಿಸಿದ್ದು 2025ರ ಜುಲೈನಲ್ಲಿ.

ಟ್ರಿನಿಟಿಯ ಪರಿಣಾಮವನ್ನು ಮೊದಲು ಸೆರೆಹಿಡಿದ ಫಿಲ್ಮನ್ನು ಯಾವ ನಿರ್ದೇಶಕನೂ ತೆಗೆಯಲಿಲ್ಲವೆಂಬ ಸ್ವಾರಸ್ಯವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. 1945ರ ಕೊನೆಯ ತಿಂಗಳುಗಳಲ್ಲಿ ಕೊಡಾಕ್ ಕಂಪನಿಯ ಎಕ್ಸ್-ರೇ ಫಿಲ್ಮುಗಳ ಮೇಲೆ, ಪೊಟ್ಟಣ ಬಿಚ್ಚುವ ಮೊದಲೇ, ಕಪ್ಪು ಚುಕ್ಕೆಗಳು ಮೂಡಿರುವುದು ಕಂಡುಬಂತು. ಕಂಪನಿಯ ವಿಜ್ಞಾನಿ ಜೂಲಿಯನ್ ವೆಬ್ ಹುಡುಕುತ್ತ ಹೋದಾಗ ದೋಷ ಸಿಕ್ಕಿದ್ದು ಪೊಟ್ಟಣಕ್ಕೆ ಬಳಸಿದ ಹುಲ್ಲಿನ ರಟ್ಟಿನಲ್ಲಿ. ಆ ರಟ್ಟು ತಯಾರಾದದ್ದು ಟ್ರಿನಿಟಿಯಿಂದ ಸಾವಿರದ ಐನೂರು ಕಿಲೋಮೀಟರಿಗೂ ದೂರದ ಇಂಡಿಯಾನಾದ ಗಿರಣಿಯಲ್ಲಿ. ಮಳೆಯೊಡನೆ ಇಳಿದ ವಿಕಿರಣದ ಕಣ ಹೊಳೆಯ ನೀರಿನ ಮೂಲಕ ರಟ್ಟಿಗೆ, ರಟ್ಟಿನಿಂದ ಫಿಲ್ಮಿಗೆ ಬಂದಿತ್ತು.

ಇನ್ನು ಶಾಂತಸಾಗರದ ಬಿಕಿನಿ ದ್ವೀಪಕ್ಕೆ ಬರೋಣ. ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಇಲ್ಲಿಯೇ. 1946ರ ಫೆಬ್ರವರಿಯ ಒಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ, ಮಾರ್ಷಲ್ ದ್ವೀಪಗಳ ಅಮೆರಿಕನ್ ಆಡಳಿತಾಧಿಕಾರಿ ಬೆನ್ ವ್ಯಾಟ್ ಬಿಕಿನಿಯ ಜನರನ್ನು ಕೂರಿಸಿಕೊಂಡು, ಮನುಕುಲದ ಒಳಿತಿಗಾಗಿ, ಯುದ್ಧಗಳನ್ನೆಲ್ಲ ಕೊನೆಗಾಣಿಸುವುದಕ್ಕಾಗಿ, ದ್ವೀಪವನ್ನು ತಾತ್ಕಾಲಿಕವಾಗಿ ಬಿಟ್ಟುಕೊಡುವಿರಾ ಎಂದು ಕೇಳಿದರು. ಮಾರ್ಚಿನಲ್ಲಿ 167 ಜನ ರೊಂಗೆರಿಕ್ ಎಂಬ ಬಡ ದ್ವೀಪಕ್ಕೆ ಹೊರಟರು, ಅಲ್ಲಿ ಹಸಿವಿನಿಂದ ಕಂಗೆಟ್ಟರು. ಜುಲೈ 1 ಮತ್ತು 25ರಂದು ತಲಾ 23 ಕಿಲೋಟನ್‌ನ ಎರಡು ಬಾಂಬುಗಳನ್ನು, ಒಂದನ್ನು ಆಕಾಶದಲ್ಲಿ, ಇನ್ನೊಂದನ್ನು ನೀರೊಳಗೆ, ತೊಂಬತ್ತಕ್ಕೂ ಹೆಚ್ಚು ಗುರಿಹಡಗುಗಳ ನಡುವೆ ಸಿಡಿಸಲಾಯಿತು. ಸುಮಾರು ನಲವತ್ತೆರಡು ಸಾವಿರ ಸಿಬ್ಬಂದಿ, ನೂರಾರು ಕ್ಯಾಮೆರಾಗಳು. ಅಷ್ಟು ಕ್ಯಾಮೆರಾಗಳ ಮುಂದೆ ನಡೆದ ಘಟನೆ ಅದುವರೆಗೆ ಇನ್ನೊಂದಿರಲಾರದು.

ಆ ರೀಲುಗಳಿಂದ ಇಬ್ಬರು ನಿರ್ದೇಶಕರು ಎರಡು ಬೇರೆಯೇ ಚಿತ್ರಗಳನ್ನು ಕಡೆದಿದ್ದಾರೆ. ಬ್ರೂಸ್ ಕಾನರ್ ಅವರ 1976ರ ‘ಕ್ರಾಸ್‌ರೋಡ್ಸ್’ ಸುಮಾರು ಮೂವತ್ತಾರು ನಿಮಿಷದ ಕಪ್ಪುಬಿಳುಪು ಚಿತ್ರ. ಎರಡನೆಯ ಸ್ಫೋಟ, ಅಂದರೆ ‘ಬೇಕರ್’, ಬೇರೆಬೇರೆ ಕೋನಗಳಿಂದ, ಬೇರೆಬೇರೆ ದೂರಗಳಿಂದ, ನಿಧಾನಗತಿಯಲ್ಲಿ ಮತ್ತೆ ಮತ್ತೆ ನಡೆಯುತ್ತದೆ, ಇನ್ನೇನೂ ಇಲ್ಲ. ನೀರಿನ ಕಂಬ ಏಳುತ್ತದೆ, ಅದರ ಬುಡದಲ್ಲಿ ಯುದ್ಧನೌಕೆಗಳು ಆಟಿಕೆಗಳಂತೆ ಕಾಣುತ್ತವೆ, ಬಿಳಿಯ ಮಂಜು ಒಂದೊಂದನ್ನೇ ನುಂಗುತ್ತ ಕ್ಯಾಮೆರಾದ ಕಡೆಗೆ ಬರುತ್ತದೆ. ಮೊದಲ ಭಾಗದಲ್ಲಿ ಕೇಳಿಸುವ ಹಕ್ಕಿಗಳ ಕೂಗು, ವಿಮಾನದ ಗುಂಯ್‌ಗುಟ್ಟುವಿಕೆ, ಸ್ಫೋಟದ ಗರ್ಜನೆ ಎಲ್ಲವೂ ಅಸಲಿಯೆಂದೇ ನಾನು ಮೊದಲ ಬಾರಿ ನಂಬಿದ್ದೆ. ಅಷ್ಟನ್ನೂ ಪ್ಯಾಟ್ರಿಕ್ ಗ್ಲೀಸನ್ ಸಿಂಥಸೈಜರಿನಲ್ಲಿ ಹುಟ್ಟಿಸಿದ್ದು. ಎರಡನೆಯ ಭಾಗಕ್ಕೆ ಟೆರಿ ರೈಲಿ ಅವರ ಆರ್ಗನ್ ಸಂಗೀತ. ಕೃತಕ ಸದ್ದನ್ನು ನಾನು ಮೇಲೆ ದೂರಿದ್ದೇನೆ, ಇಲ್ಲಿ ಮಾತ್ರ ಅದನ್ನು ಒಪ್ಪುತ್ತೇನೆ. ಕಾನರ್ ನಮ್ಮನ್ನು ಅವಸರದಿಂದ ಪಾರುಮಾಡಿದ್ದಾರೆ. ಸ್ಫೋಟವೆಂಬುದು ಕ್ಷಣದ ಘಟನೆಯಲ್ಲ, ನಿಧಾನವಾಗಿ ಹರಡುವ ವಸ್ತು ಎಂಬುದು ಹದಿನೈದನೆಯ ನಿಮಿಷದ ಹೊತ್ತಿಗೆ ಕಣ್ಣಿಗೆ ಹತ್ತುತ್ತದೆ. ಎಲ್ಲರಿಗೂ ಹಿಡಿಸುವ ಚಿತ್ರವಲ್ಲ. ನನ್ನ ಜೊತೆ ನೋಡಲು ಕೂತ ಇಬ್ಬರಲ್ಲಿ ಒಬ್ಬರು ಹತ್ತನೆಯ ನಿಮಿಷಕ್ಕೆ ಕಾಫಿ ಮಾಡಲು ಎದ್ದವರು ಮರಳಲಿಲ್ಲ.

ರಾಬರ್ಟ್ ಸ್ಟೋನ್ ಅವರ ‘ರೇಡಿಯೋ ಬಿಕಿನಿ’ ಒಂದು ಗಂಟೆಗೂ ಕಡಿಮೆ ಅವಧಿಯದು, 1988ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಸಾಕ್ಷ್ಯಚಿತ್ರ. ನಿರೂಪಕನಿಲ್ಲ. ಅಂದಿನ ಚಿತ್ರೀಕರಣ, ಅಂದಿನ ರೇಡಿಯೋ ಪ್ರಸಾರ, ಜೊತೆಗೆ ಇಬ್ಬರ ಮಾತು ಮಾತ್ರ: ಬಿಕಿನಿಯ ಮುಖ್ಯಸ್ಥ ಕಿಲೋನ್ ಬೌನೊ ಮತ್ತು ಅಮೆರಿಕದ ನೌಕಾಪಡೆಯ ಮಾಜಿ ನಾವಿಕ ಜಾನ್ ಸ್ಮಿದರ್‌ಮನ್. ವ್ಯಾಟ್ ದ್ವೀಪವಾಸಿಗಳ ಒಪ್ಪಿಗೆ ಕೇಳುವ ಪ್ರಸಿದ್ಧ ದೃಶ್ಯ ಇಲ್ಲಿ ಒಂದು ಬಾರಿಯಲ್ಲ, ಹಲವು ಬಾರಿ ಬರುತ್ತದೆ. ಏಕೆಂದರೆ ಅದನ್ನು ಸುದ್ದಿಚಿತ್ರಕ್ಕಾಗಿ ಹಲವು ಟೇಕ್‌ಗಳಲ್ಲಿ ತೆಗೆಯಲಾಗಿತ್ತು. ತೆಂಗಿನ ಮರಗಳ ಕೆಳಗೆ ಕೂತ ಜನ ಮತ್ತೆ ಮತ್ತೆ ತಮ್ಮ ನೆಲವನ್ನು ಬಿಟ್ಟುಕೊಡುತ್ತಾರೆ, ಕ್ಲಾಪ್ ಬಿದ್ದಾಗಲೊಮ್ಮೆ ಅದೇ ಒಪ್ಪಿಗೆ. ಸ್ಟೋನ್ ಅವರು ಒಂದು ಮಾತಿನ ಟೀಕೆಯನ್ನೂ ಸೇರಿಸಿಲ್ಲ, ಟೇಕ್‌ಗಳನ್ನು ಕತ್ತರಿಸದೆ ಬಿಟ್ಟಿದ್ದಾರೆ. ಸಂಕಲನವೆಂದರೆ ಏನನ್ನು ತೆಗೆಯಬೇಕು ಎಂಬುದಲ್ಲ, ಏನನ್ನು ಉಳಿಸಬೇಕು ಎಂಬುದು ಎಂದು ಸಿನಿಮಾ ಶಾಲೆಗಳಲ್ಲಿ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ರೇಡಿಯೋ ಎಂಬ ಹೆಸರಿಗೂ ಕಾರಣವಿದೆ. ಮೊದಲ ಸ್ಫೋಟವನ್ನು ಜಗತ್ತಿಗೆ ನೇರವಾಗಿ ಕೇಳಿಸಲೆಂದು ‘ಪೆನ್ಸಿಲ್ವೇನಿಯಾ’ ಯುದ್ಧನೌಕೆಯ ಮೇಲೆ ಟಿಕ್‌ಟಿಕ್ ಎನ್ನುವ ಮೆಟ್ರೊನೋಮ್ ಒಂದನ್ನು ಮೈಕಿನ ಮುಂದೆ ಇಟ್ಟಿದ್ದರು. ಕೇಳುಗರು ಬ್ರಹ್ಮಾಂಡ ಬಿರಿಯುವ ಸದ್ದಿಗೆ ಕಾದಿದ್ದರು, ಸಿಕ್ಕಿದ್ದು ನಿರಾಸೆ. ಅದಕ್ಕಿಂತ ಭಯಂಕರವಾದದ್ದು ಎರಡನೆಯ ಸ್ಫೋಟದ ಬಳಿಕದ ದೃಶ್ಯಗಳು. ವಿಕಿರಣದ ನೀರಿನಲ್ಲಿ ತೊಯ್ದ ಹಡಗುಗಳ ಮೇಲೆ ನಾವಿಕರು ಪೊರಕೆ, ಸಾಬೂನು ಹಿಡಿದು ಹಲಗೆ ತಿಕ್ಕುತ್ತಾರೆ, ಅಂಗಿಯಿಲ್ಲದೆ ನಗುತ್ತಾರೆ, ಅದೇ ನೀರಿಗೆ ಧುಮುಕಿ ಈಜುತ್ತಾರೆ. ಹಡಗುಗಳು ತಿಕ್ಕಿದಷ್ಟೂ ಶುದ್ಧವಾಗಲಿಲ್ಲ, ಮೂರನೆಯ ಸ್ಫೋಟವನ್ನು ಕೈಬಿಡಬೇಕಾಯಿತು. ಇಷ್ಟು ಹೊತ್ತೂ ಸ್ಮಿದರ್‌ಮನ್ ಮೆಲ್ಲಗೆ ತಮ್ಮ ನೆನಪು ಹೇಳುತ್ತಿರುವಾಗ ಕ್ಯಾಮೆರಾ ಅವರ ಮುಖವನ್ನು ಬಿಟ್ಟು ಕೆಳಗಿಳಿಯುವುದಿಲ್ಲ. ಕಟ್ಟಕಡೆಗೆ ಹಿಂದೆ ಸರಿಯುತ್ತದೆ. ಆಗ ಕಾಣುವುದು ಕತ್ತರಿಸಿದ ಎರಡು ಕಾಲು, ಮನುಷ್ಯರ ಕೈಯೆಂದು ಗುರುತಿಸಲಾಗದಷ್ಟು ಊದಿದ ಒಂದು ಕೈ. ಅವರು 1983ರಲ್ಲೇ ತೀರಿಕೊಂಡರು. ಮೊದಲ ಸಲ ಇದನ್ನು ನೋಡಿದಾಗ ನನಗೆ ಇದು ಪ್ರೇಕ್ಷಕರ ಮೇಲೆ ಎಸಗಿದ ತಂತ್ರವೆಂದು ಸಿಟ್ಟು ಬಂದಿತ್ತು, ಮನುಷ್ಯನ ದೇಹವನ್ನು ಕ್ಲೈಮ್ಯಾಕ್ಸಿಗೆಂದು ಬಚ್ಚಿಡಬಾರದು ಎನಿಸಿತ್ತು. ಎರಡನೆಯ ಸಲಕ್ಕೆ ಅಭಿಪ್ರಾಯ ಬದಲಾಯಿತು. ಆ ನಾವಿಕನಿಗೂ ಆ ಸತ್ಯ ಕಂಡದ್ದು ತಡವಾಗಿಯೇ ಅಲ್ಲವೇ?

1954ರ ಮಾರ್ಚ್ 1ರಂದು ಅದೇ ಬಿಕಿನಿಯಲ್ಲಿ ಸಿಡಿಸಿದ ‘ಬ್ರಾವೊ’ ಎಂಬ ಹೈಡ್ರೋಜನ್ ಬಾಂಬು ಇವೆಲ್ಲಕ್ಕೂ ಅಜ್ಜ. ಆರು ಮೆಗಾಟನ್ (ಒಂದು ಮೆಗಾಟನ್ ಎಂದರೆ ಸಾವಿರ ಕಿಲೋಟನ್) ನಿರೀಕ್ಷಿಸಿದ್ದ ವಿಜ್ಞಾನಿಗಳು, ಇಂಧನದಲ್ಲಿ ಸುಮ್ಮನಿರುವುದೆಂದು ಭಾವಿಸಿದ್ದ ಲಿಥಿಯಂ-7 ಕೂಡ ಕ್ರಿಯೆಯಲ್ಲಿ ಭಾಗಿಯಾದದ್ದರಿಂದ, ಹದಿನೈದು ಮೆಗಾಟನ್ ಪಡೆದರು. ಪುಡಿಯಾದ ಹವಳದ ಬೂದಿ ಪೂರ್ವಕ್ಕೆ ಹಾರಿತು. ಜಪಾನಿನ ಯಾಯ್ಜು ಬಂದರಿನ ಟ್ಯೂನಾ ದೋಣಿ ‘ಡೈಗೊ ಫುಕುರ್ಯು ಮಾರು’, ಅಂದರೆ ಐದನೆಯ ಅದೃಷ್ಟ ಡ್ರ್ಯಾಗನ್, ಸುಮಾರು ನೂರೈವತ್ತು ಕಿಲೋಮೀಟರ್ ದೂರದಲ್ಲಿತ್ತು. ಅದರಲ್ಲಿದ್ದ 23 ಮೀನುಗಾರರು ಪಶ್ಚಿಮದಲ್ಲಿ ಸೂರ್ಯ ಹುಟ್ಟಿದಂಥ ಬೆಳಕು ಕಂಡರು, ಸದ್ದು ಅವರನ್ನು ತಲುಪಿದ್ದು ಏಳೆಂಟು ನಿಮಿಷದ ಮೇಲೆ, ಬಿಳಿಯ ಬೂದಿ ಇನ್ನೂ ಕೆಲವು ಗಂಟೆಗಳ ಮೇಲೆ. ರೇಡಿಯೋ ಚಾಲಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ತೆರೆಕಂಡ ಮೊದಲ ‘ಗೊಡ್ಜಿಲಾ’ ಚಿತ್ರವೂ ಬೆಳಕಿಗೆ ಸಿಕ್ಕಿ ಮುಳುಗುವ ದೋಣಿಯಿಂದಲೇ ಆರಂಭವಾಗುವುದನ್ನು ಜಪಾನಿನ ಪ್ರೇಕ್ಷಕರು ಬಿಡಿಸಿ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ಹಿರೋಷಿಮಾದವರೇ ಆದ ಕನೆಟೊ ಶಿಂಡೊ ಈ ಘಟನೆಯನ್ನು 1959ರಲ್ಲಿ ದೋಣಿಯ ಹೆಸರಿನಲ್ಲೇ ಕಥಾಚಿತ್ರವಾಗಿಸಿದರು. ಈ ಎಂಟರಲ್ಲಿ ನನ್ನ ಅಳತೆಗೋಲಿಗೆ ಸರಿಯಾಗಿ ಹೊಂದಿದ ಕಥಾಚಿತ್ರ ಇದೊಂದೇ. ಶಿಂಡೊ ಅವಸರಪಡುವುದಿಲ್ಲ. ದೋಣಿ ಬಂದರು ಬಿಡುವುದು, ಉದ್ದನೆಯ ಗಾಳದ ಹಗ್ಗವನ್ನು ಇಳಿಸುವುದು, ಎಳೆಯುವುದು, ಬೇಸರ, ತಮಾಷೆ ಎಲ್ಲವನ್ನೂ ದುಡಿಯುವವರ ಲಯದಲ್ಲೇ ತೋರಿಸುತ್ತಾರೆ. ಬೂದಿಯಿಂದಾಚೆಗೆ ಚಿತ್ರ ಇನ್ನೂ ನಿಧಾನವಾಗುತ್ತದೆ: ಕಪ್ಪಾದ ಮೈ, ಉದುರುವ ಕೂದಲು, ಮೀನುಪೇಟೆಯಲ್ಲಿ ಟಕಟಕ ಎನ್ನುವ, ವಿಕಿರಣ ಪತ್ತೆಹಚ್ಚುವ ಗೈಗರ್ ಯಂತ್ರ, ವೈದ್ಯರ ಗೊಂದಲ, ಆಸ್ಪತ್ರೆಯ ಹಾಸಿಗೆಯ ಸುತ್ತ ಕಾಯುವ ಸಂಸಾರ. ಕುಬೊಯಾಮಾ ಪಾತ್ರದಲ್ಲಿ ಜುಕಿಚಿ ಉನೊ ಅಬ್ಬರಿಸುವುದಿಲ್ಲ, ಒಂದೊಂದು ದೃಶ್ಯಕ್ಕೂ ಸ್ವಲ್ಪ ಸ್ವಲ್ಪವೇ ಸಣ್ಣವರಾಗುತ್ತ ಹೋಗುತ್ತಾರೆ. ಕೊನೆಯ ಭಾಗದ ಶೋಕಮೆರವಣಿಗೆ ಸ್ವಲ್ಪ ಉದ್ದವಾಯಿತೆಂದು ನನಗನಿಸಿತು, ಹಿಕಾರು ಹಯಾಶಿ ಅವರ ಸಂಗೀತವೂ ಅಲ್ಲಿ ಕಣ್ಣೀರನ್ನು ತುಸು ಒತ್ತಾಯಿಸುತ್ತದೆ. ನಾನು ಈ ಚಿತ್ರವನ್ನು ಬಾಡಿಗೆಗೆ ಪಡೆದ ತಾಣದಲ್ಲಿ ಇಂಗ್ಲಿಷ್ ಅಡಿಬರಹ ನಾಲ್ಕು ಸೆಕೆಂಡು ತಡವಾಗಿ ಬರುತ್ತಿತ್ತು. ದೂರು ಕೊಟ್ಟೆ, ಉತ್ತರವೂ ತಡವಾಗಿಯೇ ಬಂತು. ವಿಷಯಕ್ಕೆ ತಕ್ಕ ಸೇವೆ ಎಂದುಕೊಂಡು ಸುಮ್ಮನಾದೆ.

ಬ್ರಾವೊ ಬೂದಿ ರೊಂಗೆಲಾಪ್ ದ್ವೀಪದ ಮೇಲೂ ಬಿತ್ತು. ಅಲ್ಲಿದ್ದ 64 ಜನರಲ್ಲಿ ಮಕ್ಕಳು ಅದರಲ್ಲಿ ಆಡಿದರು. ಸುಮಾರು ಎರಡು ದಿನಗಳ ಬಳಿಕ ಅವರನ್ನು ತೆರವುಗೊಳಿಸಿ, 1957ರಲ್ಲಿ ಮರಳಿ ಕರೆತಂದು ಬಿಟ್ಟು, ವರ್ಷವರ್ಷವೂ ತಪಾಸಣೆ ಮಾಡಲಾಯಿತು. ಆಸ್ಟ್ರೇಲಿಯಾದ ಡೆನಿಸ್ ಒ'ರೂರ್ಕ್ ಅವರ 1985ರ ‘ಹಾಫ್ ಲೈಫ್’ ಈ ಜನರ ನಡುವೆ ಕೂತು ತೆಗೆದ ಚಿತ್ರ. ಎಂಟರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ದ್ವೀಪದ ಮುಖ್ಯಸ್ಥರಾಗಿದ್ದ ಜಾನ್ ಅಂಜೈನ್ ಅವರ ಮಗ ಲೆಕೋಜ್‌ಗೆ ಬೂದಿ ಬಿದ್ದಾಗ ಒಂದು ವರ್ಷ. 1963ರಲ್ಲಿ ದ್ವೀಪದ ಮಕ್ಕಳಲ್ಲಿ ಥೈರಾಯ್ಡ್ ಗಂಟುಗಳು ಕಾಣಿಸಿಕೊಳ್ಳತೊಡಗಿದವು, 1972ರಲ್ಲಿ ಹತ್ತೊಂಬತ್ತರ ಲೆಕೋಜ್ ರಕ್ತದ ಕ್ಯಾನ್ಸರಿನಿಂದ ಸತ್ತ. ಒ'ರೂರ್ಕ್ ಅವರ ಕ್ಯಾಮೆರಾ ಮಾತು ಮುಗಿದ ಮೇಲೂ ಮಾತಾಡಿದವರ ಮುಖದ ಮೇಲೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಅದು ಅವರ ಶೈಲಿ, ಈ ಕಥೆಗೆ ಬೇಕಾದದ್ದೂ ಅದೇ. ಗಾಳಿ ದಿಢೀರನೆ ದಿಕ್ಕು ಬದಲಿಸಿತು ಎಂಬುದು ಸರ್ಕಾರದ ಅಧಿಕೃತ ವಿವರಣೆ. ಆದರೆ ಗಾಳಿ ಅನುಕೂಲವಾಗಿಲ್ಲ ಎಂಬ ವರದಿ ಹಿಂದಿನ ರಾತ್ರಿಯೇ ಇತ್ತು, ಹವಾಮಾನ ವೀಕ್ಷಣೆಗೆ ಪಕ್ಕದ ದ್ವೀಪದಲ್ಲಿದ್ದ ಅಮೆರಿಕನ್ ಸಿಬ್ಬಂದಿಯೂ ಬೂದಿಗೆ ಸಿಕ್ಕರು. ಜನರನ್ನು ಬೇಕೆಂದೇ ಅಲ್ಲಿ ಬಿಟ್ಟರು ಎಂಬ ತೀರ್ಮಾನದ ಕಡೆಗೆ ಚಿತ್ರ ನಮ್ಮನ್ನು ನಡೆಸುತ್ತದೆ. ನನಗೆ ಅಷ್ಟು ದೂರ ಹೋಗಲು ಸಾಕ್ಷ್ಯ ಸಾಲದೆನಿಸಿತು, ಆದರೆ ಬಿದ್ದ ಮೇಲೆ ಅವರನ್ನು ಅಧ್ಯಯನದ ವಸ್ತುವಾಗಿಸಿದ್ದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಚಿತ್ರ ಬಂದ ವರ್ಷವೇ ರೊಂಗೆಲಾಪ್‌ನ ಜನ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯ ‘ರೇನ್‌ಬೋ ವಾರಿಯರ್’ ಹಡಗು ಹತ್ತಿ ತಾವಾಗಿಯೇ ದ್ವೀಪ ತೊರೆದರು.

1982ರ ‘ದಿ ಅಟಾಮಿಕ್ ಕೆಫೆ’ಗೆ ಇಷ್ಟೊಂದು ಜಾಗ ಬೇಕಿಲ್ಲ. ಅಮೆರಿಕದ ಪ್ರಚಾರಚಿತ್ರಗಳನ್ನೇ ಜೋಡಿಸಿ, ನಿರೂಪಣೆಯಿಲ್ಲದೆ, ಅವುಗಳ ಬಾಯಿಂದಲೇ ಅವುಗಳ ಮೂರ್ಖತನವನ್ನು ಹೇಳಿಸುವ ಜಾಣ ಚಿತ್ರ. ಬಾಂಬು ಬಿದ್ದರೆ ಬೆಂಚಿನ ಕೆಳಗೆ ಅಡಗಿಕೊಳ್ಳಿ ಎಂದು ಮಕ್ಕಳಿಗೆ ಕಲಿಸುವ ಆಮೆ ಬರ್ಟ್ ನೆನಪಿನಲ್ಲಿ ಉಳಿಯುತ್ತದೆ. ಗಂಟೆ ಕಳೆಯುವಷ್ಟರಲ್ಲಿ ನಗೆ ಸುಲಭವಾಯಿತೆನಿಸುತ್ತದೆ, ಇಂದಿನವರಾದ ನಾವು ಬುದ್ಧಿವಂತರೆಂಬ ಸಮಾಧಾನವನ್ನು ಚಿತ್ರ ಪುಕ್ಕಟೆಯಾಗಿ ಹಂಚುತ್ತದೆ. ನೆವಾಡಾದ ಗಾಳಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು, ತಾನು ಏನನ್ನೋ ಹೇಳುತ್ತಿದ್ದೇನೆಂದು ತಿಳಿಯದ ‘ದಿ ಕಾಂಕರರ್’. ಜಾನ್ ವೇನ್ ಚೆಂಗಿಸ್‌ಖಾನನಾಗಿ ನಟಿಸಿದ ಆ ಕಳಪೆ ಚಿತ್ರವನ್ನು 1954ರಲ್ಲಿ ಯೂಟಾದ ಸೇಂಟ್ ಜಾರ್ಜ್ ಬಳಿ, ಪರೀಕ್ಷಾ ನೆಲದಿಂದ ಗಾಳಿ ಬೀಸುವ ದಿಕ್ಕಿನಲ್ಲಿ ಚಿತ್ರೀಕರಿಸಿ, ಅಲ್ಲಿನ ಮಣ್ಣನ್ನೂ ಸ್ಟುಡಿಯೊಗೆ ಸಾಗಿಸಿದ್ದರು. ತಂಡದ 220 ಜನರಲ್ಲಿ 91 ಮಂದಿಗೆ ಕ್ಯಾನ್ಸರ್ ತಗಲಿತ್ತೆಂದು 1980ರಲ್ಲಿ ಅಮೆರಿಕದ ಪತ್ರಿಕೆಯೊಂದು ಲೆಕ್ಕ ಹಾಕಿತು. ಸಿಗರೇಟು ಸೇದುತ್ತಿದ್ದ ಕಾಲದ ಜನ, ಆದ್ದರಿಂದ ಬೂದಿಯೇ ಕಾರಣವೆಂದು ಸಾಧಿಸಲಾಗದು. ನನ್ನ ಎಂಟರ ಪಟ್ಟಿಗೆ ಅದನ್ನು ಸೇರಿಸಿಕೊಂಡಿಲ್ಲ.

ಎಂಟನೆಯದು ನಮ್ಮದೇ: ಆನಂದ್ ಪಟವರ್ಧನ್ ಅವರ 2002ರ ‘ಜಂಗ್ ಔರ್ ಅಮನ್’. ಸೆನ್ಸಾರ್ ಮಂಡಳಿ ಕತ್ತರಿ ಹಾಕಬೇಕೆಂದಿತ್ತು, 2003ರಲ್ಲಿ ಬಾಂಬೆ ಹೈಕೋರ್ಟ್ ಕತ್ತರಿಯಿಲ್ಲದೆಯೇ ಬಿಡುಗಡೆಗೆ ಅನುಮತಿ ಕೊಟ್ಟಿತು. ನೆಲದಡಿಯ ಪರೀಕ್ಷೆಯಲ್ಲಿ ನಿರ್ದೇಶಕನಿಗೆ ಅಣಬೆ ಮೋಡ ಸಿಗುವುದಿಲ್ಲ. ತುಮಕೂರು ಜಿಲ್ಲೆಯವರಾದ ರಾಜಾ ರಾಮಣ್ಣ ಮುಂದೆ ನಿಂತು ನಡೆಸಿದ 1974ರ ಮೇ 18ರ ಪೋಖರಣ್ ಪರೀಕ್ಷೆಯಾಗಲಿ, 1998ರ ಮೇ 11 ಮತ್ತು 13ರ ಪರೀಕ್ಷೆಗಳಾಗಲಿ, ಚಿತ್ರದಲ್ಲಿ ಉಳಿದಿರುವುದು ಮೇಲೇಳುವ ಮಣ್ಣು, ಕುಸಿದ ನೆಲ, ಅಷ್ಟೇ. ಅವುಗಳ ಸದ್ದನ್ನು ಕೇಳಿಸಿಕೊಳ್ಳುವುದೂ ಬೇರೆ ಬಗೆ. ದೂರದೇಶಗಳ ಅಣುಸ್ಫೋಟಗಳನ್ನು ನೆಲದ ಕಂಪನದಿಂದ ಪತ್ತೆಹಚ್ಚಲೆಂದೇ 1960ರ ದಶಕದಲ್ಲಿ ಬ್ರಿಟನ್ನಿನ ನೆರವಿನಿಂದ ನಮ್ಮ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಸಾಲನ್ನು ಹೂಳಲಾಗಿದೆ. ಪೋಖರಣ್‌ನ ಕಂಪನ ಅಲ್ಲಿಗೆ ತಲುಪಲು ಮೂರು ನಿಮಿಷಕ್ಕೂ ಹೆಚ್ಚು ಬೇಕು. ಮೋಡವಿಲ್ಲದ್ದರಿಂದ ಪಟವರ್ಧನ್ ಕ್ಯಾಮೆರಾವನ್ನು ಜನರ ಕಡೆ ತಿರುಗಿಸಿದರು: ಸಿಹಿ ಹಂಚುವವರು, ಪರೀಕ್ಷಾ ನೆಲದ ಪಕ್ಕದ ಖೇತೋಲಾಯಿ ಗ್ರಾಮದವರು, ಜಾದುಗುಡಾದ ಯುರೇನಿಯಂ ಗಣಿಯ ಆದಿವಾಸಿಗಳು, ಗಡಿಯಾಚೆಯ ಪಾಕಿಸ್ತಾನಿ ವಿದ್ಯಾರ್ಥಿಗಳು, ಹಿರೋಷಿಮಾದಲ್ಲಿ ಬದುಕುಳಿದವರು. ಚಿತ್ರ ತುಂಬ ಉದ್ದ, ಎಲ್ಲವನ್ನೂ ತುರುಕಬೇಕೆಂಬ ಆಸೆಯಿಂದ ನಡುವೆ ಎಳೆ ಜಾರುತ್ತದೆ, ನಿರ್ದೇಶಕರ ದನಿ ಕೆಲವೆಡೆ ತೀರ್ಪು ಮೊದಲೇ ಬರೆದುಕೊಂಡ ನ್ಯಾಯಾಧೀಶರದಂತೆ ಕೇಳುತ್ತದೆ. ಆದರೂ ಹಬ್ಬದ ಸದ್ದು ಅಡಗಿದ ಮೇಲೆ ಹಳ್ಳಿಗಳಿಗೆ ಹೋಗಿ ಕೂತ ತಾಳ್ಮೆಗಾಗಿ ಇದನ್ನು ನೋಡಲೇಬೇಕು.

ನೋಡುವವರಿಗೆ ಒಂದೆರಡು ವ್ಯಾವಹಾರಿಕ ಮಾತು. ಮೊದಲು ‘ರೇಡಿಯೋ ಬಿಕಿನಿ’, ವಾರ ಬಿಟ್ಟು ‘ಹಾಫ್ ಲೈಫ್’, ಆಮೇಲೆ ಶಿಂಡೊ ಅವರ ಚಿತ್ರ ಎಂಬ ಕ್ರಮ ಒಳ್ಳೆಯದು. ಮೂರನ್ನೂ ಒಂದೇ ದಿನ ನೋಡುವ ಸಾಹಸ ಬೇಡ. ‘ಟ್ರಿನಿಟಿ ಆ್ಯಂಡ್ ಬಿಯಾಂಡ್’ ನೋಡುವುದಿದ್ದರೆ ದೊಡ್ಡ ಪರದೆಯಲ್ಲಿ, ಒಮ್ಮೆ ಸದ್ದು ನಿಲ್ಲಿಸಿ ನೋಡಿ. ಸ್ಮಿದರ್‌ಮನ್ ಅವರ ಕೊನೆಯ ದೃಶ್ಯವನ್ನೂ ಕುಬೊಯಾಮಾ ಅವರ ಆಸ್ಪತ್ರೆಯ ದೃಶ್ಯಗಳನ್ನೂ ಚಿಕ್ಕ ಮಕ್ಕಳಿಗೆ ತೋರಿಸಬೇಡಿ. ಆ್ಯನಿಯ ತುಣುಕನ್ನು ಮಾತ್ರ ಹೆಡ್‌ಫೋನ್ ಇಲ್ಲದೆ, ಸ್ಪೀಕರಿನಲ್ಲೇ ಕೇಳಿ, ಆದರೆ ಬೆಳಕು ಕಂಡ ಮೇಲೂ ಸದ್ದು ಬರಲಿಲ್ಲವೆಂದು ವಾಲ್ಯೂಮ್ ಏರಿಸಲು ಹೋಗಬೇಡಿ. ನಾನು ಹಾಗೆ ಮಾಡಿ, ರಾತ್ರಿ ಹನ್ನೊಂದಕ್ಕೆ ಕೆಳಗಿನ ಮನೆಯವರಿಗೆ ಬಾಗಿಲಲ್ಲಿ ನಿಂತು ವಿವರಣೆ ಕೊಡಬೇಕಾಯಿತು.